ಅತ್ತೆಯವರ ಗಂಗೆಯೂ ನನ್ನ ತಾಮ್ರದ ಪೈಪೂ

ಮೊದಲು ಮೈಸೂರಿನಲ್ಲಿ, ಆಮೇಲೆ ಸಿಡ್ನಿಯ ಪಶ್ಚಿಮದ ಒಂದು ಹೈಸ್ಕೂಲಿನಲ್ಲಿ, ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟು ಹೊಟ್ಟೆ ಹೊರೆದವನು ನಾನು. ನೀರು ಹೆಪ್ಪುಗಟ್ಟುವಾಗ ಕುಗ್ಗುವುದಿಲ್ಲ, ಹಿಗ್ಗುತ್ತದೆ ಎಂಬ ಪಾಠವನ್ನು ಕನ್ನಡದಲ್ಲೂ ಮಾಡಿದ್ದೇನೆ, ಇಂಗ್ಲಿಷಿನಲ್ಲೂ ಮಾಡಿದ್ದೇನೆ. ‘ಚಳಿ ದೇಶಗಳಲ್ಲಿ ನೀರಿನ ಕೊಳವೆಗಳು ಒಡೆಯುವುದೇಕೆ?’ ಎಂದು ಪರೀಕ್ಷೆಯಲ್ಲಿ ಪ್ರಶ್ನೆ ಕೊಟ್ಟು, ಉತ್ತರ ತಪ್ಪಿದ ಬಡಪಾಯಿಗಳ ಅಂಕ ಕಿತ್ತುಕೊಂಡಿದ್ದೇನೆ. ಆ ಮಕ್ಕಳಲ್ಲಿ ಯಾರಾದರೂ ಒಬ್ಬರು ಆ ಜುಲೈ ಬೆಳಗ್ಗೆ ಜಿಂಡಬೈನಿನ ಕ್ಯಾರವಾನ್ ಪಾರ್ಕಿಗೆ ಬಂದಿದ್ದರೆ, ತಮ್ಮ ಮೇಷ್ಟ್ರು ಪಂಚೆ ಹರಿದುಕೊಂಡು ವ್ಯಾನಿನ ಕೆಳಗೆ ಮಲಗಿ, ಒಡೆದ ಪೈಪಿಗೆ ಬ್ಯಾಂಡೇಜು ಸುತ್ತುತ್ತಿದ್ದುದನ್ನು ನೋಡಿ ಹಳೆಯ ಸೇಡು ತೀರಿತು ಎಂದು ಸಂತೋಷಪಡುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ವೆಸ್ಟ್‌ಮೀಡ್ ಸ್ಟೇಷನ್ನಿನ ಹತ್ತಿರ ಒಂದು ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ಹೆಂಡತಿಗೆ ಆರನೇ ತಿಂಗಳು. ಬಾಣಂತನ ಮಾಡಲು ಮೈಸೂರಿನಿಂದ ಅವಳ ತಾಯಿ, ಅಂದರೆ ನಮ್ಮ ಅತ್ತೆ, ಮುಂಚಿತವಾಗಿಯೇ ಬಂದಿಳಿದಿದ್ದರು. ಬಂದ ಹೊಸದರಲ್ಲಿ ಮೆಂತ್ಯದ ಹಿಟ್ಟು, ಸಾರಿನ ಪುಡಿ, ಕೊಬ್ಬರಿ ಎಂದು ಗಂಟುಗಳನ್ನೆಲ್ಲ ಬಿಚ್ಚಿ ಅಡಿಗೆಮನೆಯನ್ನು ಆಕ್ರಮಿಸಿಕೊಂಡರು. ನಾವಿಬ್ಬರೂ ಬೆಳಗ್ಗೆ ಕೆಲಸಕ್ಕೆ ಹೊರಟರೆ ಅವರು ಕಿಟಕಿಯ ಪಕ್ಕ ಕುಳಿತು ರೈಲು ಎಣಿಸುತ್ತಿದ್ದರು. ಮಾತಾಡಲು ಜನವಿಲ್ಲ, ತುಳಸಿಗೆ ಬಿಸಿಲಿಲ್ಲ. ಇರುವ ಒಬ್ಬ ಅಳಿಯ ಮನೆಗೆ ಬಂದರೆ ಉತ್ತರ ಪತ್ರಿಕೆ ಹರವಿಕೊಂಡು ಕೂರುತ್ತಾನೆ. ಒಂದು ತಿಂಗಳಾದ ಮೇಲೆ ಒಂದು ಸಂಜೆ, ಹುರುಳಿಕಾಯಿ ಹೆಚ್ಚುತ್ತಾ, ತಲೆ ಎತ್ತದೆ ಹೇಳಿದರು.

“ನಾನು ಊರಿಗೆ ಹೋಗ್ತೀನಿ ಕಣೆ. ಇದು ನನ್ನ ಕೈಲಿ ಆಗಲ್ಲ.”

ಮೆಲ್ಬರ್ನಿನ ವೆರಿಬೀಯಲ್ಲಿ ನನ್ನ ಹೆಂಡತಿಯ ಅಣ್ಣನ ಮನೆ. ಅವರಿಗೆ ಪರಿಚಯದ ದಂಪತಿ ತಿಂಗಳ ಕೊನೆಗೆ ಬೆಂಗಳೂರಿಗೆ ಹೋಗುವವರಿದ್ದರು. ಅವರ ಜೊತೆ ಹೊರಟರೆ ದಾರಿಯಲ್ಲಿ ಭಾಷೆಯ ತೊಂದರೆಯಿಲ್ಲ ಎಂದು ಅಮ್ಮ ಮಗ ಫೋನಿನಲ್ಲೇ ಮಾತಾಡಿಕೊಂಡಿದ್ದರು. ಹೆಂಡತಿ ಅಮ್ಮನ ಎದುರು “ಸರಿಯಮ್ಮ, ನಿನಗೆ ಹೇಗೆ ಅನುಕೂಲವೋ ಹಾಗೆ” ಅಂದಳು. ಬಚ್ಚಲುಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಆಮೇಲೆ ಕೆಂಪು ಕಣ್ಣಿನಲ್ಲೇ ಬಂದು, “ರೀ, ನಂಗೆ ಭಯ ಆಗ್ತಿದೆ. ಅಮ್ಮ ಇಲ್ದೆ ನಂಗೆ ಆಗಲ್ಲ” ಎಂದಳು. ಅವಳು ಹಾಗೆಲ್ಲ ಹೇಳುವವಳಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತವನ್ನೆಲ್ಲ ಹೆದರದೆ ಪರೀಕ್ಷೆ ಮಾಡುವ ಹೆಂಗಸು. ಅತ್ತೆಯನ್ನು ಹೇಗಾದರೂ ಉಳಿಸಿಕೊಳ್ಳಬೇಕು ಎಂದು ಆಗಲೇ ನಿರ್ಧರಿಸಿದೆ.

ಕಾಲಿಗೆ ಬಿದ್ದು ಕೇಳಬಹುದಿತ್ತು. ‘ಉಳಿದುಕೊಳ್ಳಿ, ನಮಗೆ ನೀವು ಬೇಕು’ ಎನ್ನುವುದು ನಾಲ್ಕು ಪದದ ಮಾತು. ಆದರೆ ಓದಿದವನಿಗೆ ಅಷ್ಟು ಸುಲಭದ ದಾರಿ ಕಾಣುವುದಿಲ್ಲವಲ್ಲ. ನಾನು ಒಂದು ಯೋಜನೆ ಹಾಕಿದೆ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂದ ನಮ್ಮ ಹಿರಿಯರು ಕ್ಯಾಂಪರ್ ವ್ಯಾನ್ ನೋಡಿರಲಿಲ್ಲ. ನೋಡಿದ್ದರೆ ಮೂರನೆಯದಾಗಿ ಅದನ್ನೂ ಸೇರಿಸುತ್ತಿದ್ದರು. ಪೆಂಡಲ್ ಹಿಲ್‌ನಲ್ಲಿ ರವೆ, ಬೇಳೆ ಕೊಳ್ಳುವ ಅಂಗಡಿಯ ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿದ್ದರು: ಹಳೆಯ ಕ್ಯಾಂಪರ್ ವ್ಯಾನ್ ಮಾರಾಟಕ್ಕಿದೆ. ಒಳಗೆ ಮಲಗಲು ಜಾಗ, ಗ್ಯಾಸಿನ ಒಲೆ, ಪುಟ್ಟ ಸಿಂಕು, ಬೆಂಚಿನ ಕೆಳಗೆ ನೀರಿನ ಟ್ಯಾಂಕು, ನಲ್ಲಿ ತಿರುಗಿಸಿದರೆ ನೀರು ತಳ್ಳುವ ಸಣ್ಣ ಮೋಟಾರ್ ಪಂಪು. ನನ್ನ ಲೆಕ್ಕ ಹೀಗಿತ್ತು: ಅತ್ತೆಯನ್ನು ವಿಮಾನದಲ್ಲಿ ಕಳಿಸುವ ಬದಲು ಶಾಲೆಯ ರಜೆಯಲ್ಲಿ ನಾವೇ ವ್ಯಾನಿನಲ್ಲಿ ಮೆಲ್ಬರ್ನಿಗೆ ಕರೆದುಕೊಂಡು ಹೋಗುವುದು. ಹೊರಗಿನದನ್ನು ತಿನ್ನದ ಅವರಿಗೆ ದಾರಿಯುದ್ದಕ್ಕೂ ಅವರದೇ ಅಡಿಗೆಮನೆ. ದೇಶ ನೋಡುತ್ತಾರೆ, ಹಿಮ ನೋಡುತ್ತಾರೆ, ಅಳಿಯನ ಸಾಮರ್ಥ್ಯವನ್ನೂ ನೋಡುತ್ತಾರೆ. ವೆರಿಬೀ ಮುಟ್ಟುವಷ್ಟರಲ್ಲಿ ಮನಸ್ಸು ಬದಲಾಗಿರುತ್ತದೆ. ಡಾಕ್ಟರಮ್ಮ ಹೆಂಡತಿಯ ಪ್ರಯಾಣಕ್ಕೆ ಒಪ್ಪಿದರು. ಹೆಂಡತಿ ನನ್ನ ಯೋಜನೆಗೆ ಒಪ್ಪಿದಳೋ, ಬೇರೆ ದಾರಿ ಕಾಣದೆ ಸುಮ್ಮನಾದಳೋ, ಇವತ್ತಿಗೂ ನಾನು ಕೇಳಿಲ್ಲ.

ಹೊರಡುವ ದಿನ ಅತ್ತೆ ವ್ಯಾನನ್ನು ಹೆಣ್ಣು ನೋಡಲು ಬಂದವರ ಹಾಗೆ ಒಳಗೂ ಹೊರಗೂ ಪರೀಕ್ಷಿಸಿದರು. ಒಲೆ ಪಾಸಾಯಿತು. ಸಿಂಕೂ ಪಾಸಾಯಿತು.

“ನೀರು ಎಲ್ಲಿಂದ ಬರತ್ತೆ?”

“ಟ್ಯಾಂಕಿಂದ, ಅತ್ತೆ. ನಮ್ಮದೇ ನೀರು. ನಾನೇ ತೊಳೆದು ತುಂಬಿದೀನಿ.”

“ಯಾವತ್ತು ತುಂಬಿದ್ರಿ?”

“ನೆನ್ನೆ ಸಂಜೆ.”

“ಹಾಗಾದ್ರೆ ತಂಗಳು” ಅಂದರು.

ಅಡಿಗೆಗೆ, ಪೂಜೆಗೆ ರಾತ್ರಿ ಕಳೆದ ನೀರನ್ನು ಅವರು ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ದಿನಾ ಬೆಳಗ್ಗೆ ಕೊಡ ಖಾಲಿ ಮಾಡಿ ಹೊಸದಾಗಿ ಹಿಡಿಯುತ್ತಿದ್ದರು. ಇದನ್ನು ನಾನು ಒಂದು ತಿಂಗಳಿಂದ ಕಣ್ಣಾರೆ ನೋಡುತ್ತಿದ್ದೆ, ಆದರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬ್ಯಾಗುಗಳೆಲ್ಲ ವ್ಯಾನಿನೊಳಗೆ, ಹೆಂಡತಿ ಸೀಟಿನಲ್ಲಿ, ಅತ್ತೆ ಮಾತ್ರ ಫುಟ್‌ಪಾತಿನ ಮೇಲೆ. ಆಗ ನನ್ನ ತಲೆಗೆ ಒಂದು ಮಹಾ ಉಪಾಯ ಹೊಳೆಯಿತು. ಗಂಗೆಗೆ ತಂಗಳಿಲ್ಲ ಎನ್ನುತ್ತಾರೆ. ಎಷ್ಟು ದಿನ ಇಟ್ಟರೂ ಅದು ಶುದ್ಧವೇ. ಅತ್ತೆಯವರ ಕೈಚೀಲದಲ್ಲಿ, ಹಳೆಯ ರೇಷ್ಮೆ ತುಂಡಿನಲ್ಲಿ ಸುತ್ತಿ, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿಯಲ್ಲಿ ಗಂಗೆ ಇತ್ತು. ತೀರಿಕೊಂಡ ಮಾವನವರು ಕಾಶಿಯಿಂದ ತಂದುಕೊಟ್ಟದ್ದು. ಎಲ್ಲಿಗೆ ಹೋದರೂ ಅತ್ತೆ ಅದನ್ನು ಜೊತೆಯಲ್ಲೇ ಒಯ್ಯುತ್ತಿದ್ದರು. ಹೋಗುವ ಕಾಲ ಬಂದಾಗ ಬಾಯಿಗೆ ಒಂದು ಚಮಚ ಬಿಡಲು ಅದಿರಬೇಕು, ಆ ಕಾಲ ಎಲ್ಲಿ ಬರುತ್ತದೋ ಯಾರು ಕಂಡವರು ಎನ್ನುವುದು ಅವರ ವಾದ.

“ಅತ್ತೆ, ನಿಮ್ಮ ಗಂಗೆ ಎರಡು ಹನಿ ಟ್ಯಾಂಕಿಗೆ ಬಿಟ್ರೆ?” ಅಂದೆ. “ಗಂಗೆಗೆ ಬೆರೆತ ನೀರೆಲ್ಲ ಗಂಗೆಯೇ ಅಲ್ವೇ? ಆಗ ಟ್ಯಾಂಕೇ ಗಂಗೆ ಆಗತ್ತೆ. ತಂಗಳಿನ ಪ್ರಶ್ನೆಯೇ ಇರಲ್ಲ.”

ಅತ್ತೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಮದುವೆಯಾದ ಮೇಲೆ ಮೊದಲ ಬಾರಿಗೆ ನಾನು ಅವರಿಗೆ ಪ್ರಯೋಜನದ ಮಾತಾಡಿದ್ದೆ ಅಂತ ಕಾಣುತ್ತದೆ. ಗಿಂಡಿ ತೆಗೆದು ಕೊಟ್ಟರು. ನಾನು ಸ್ಕ್ರೂಡ್ರೈವರಿನಿಂದ ಮೀಟಿ, ಇಕ್ಕಳದಿಂದ ಎಳೆದು, ಬೆರಳು ಕೊಯ್ದುಕೊಂಡು ಬೆಸುಗೆ ಬಿಡಿಸಿದೆ. ಎರಡು ಹನಿ ಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಟ್ಯಾಂಕಿನ ಬಾಯಿಗೆ ಗಿಂಡಿ ಬಗ್ಗಿಸಿ ಪೂರ್ತಿ ಸುರಿದುಬಿಟ್ಟರು.

“ಅಮ್ಮಾ!” ಎಂದು ಹೆಂಡತಿ ಕೂಗಿದಳು.

“ಒಂದು ಸಲ ಬಾಯಿ ತೆರೆದ ಮೇಲೆ ಇಟ್ಕೊಂಡು ಏನ್ಮಾಡ್ಲಿ? ಇರ್ಲಿ ಬಿಡು. ಸಾಯೋಕೆ ಅಂತ ಇಟ್ಟಿದ್ದು. ನೀನು ಕುಡಿ, ನಿನ್ನ ಹೊಟ್ಟೇಲಿರೋದೂ ಕುಡೀಲಿ.”

ಅವರು ಅದನ್ನು ಬಹಳ ಸಾಧಾರಣವಾಗಿ ಹೇಳಿ ವ್ಯಾನು ಹತ್ತಿದರು. ಖಾಲಿ ಗಿಂಡಿಯನ್ನು ನಾನು ಮತ್ತೆ ಅದೇ ರೇಷ್ಮೆ ತುಂಡಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದೆ. ಆಗ ಮನಸ್ಸಿನಲ್ಲಿ ‘ನನ್ನ ಉಪಾಯ ಹೇಗಿತ್ತು?’ ಎಂಬ ಹೆಮ್ಮೆಯೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಮೊದಲ ದಿನ ಎಲ್ಲವೂ ನಾನು ಎಣಿಸಿದಂತೆಯೇ ನಡೆಯಿತು. ಗೌಲ್‌ಬರ್ನಿನ ಹತ್ತಿರ ರಸ್ತೆ ಬದಿಯ ಮರದಡಿ ವ್ಯಾನು ನಿಲ್ಲಿಸಿದಾಗ ಅತ್ತೆ ನಲ್ಲಿ ತಿರುಗಿಸಿದರು. ಪಂಪು ಗುರ್ರೆಂದು ನೀರು ಬಂತು. ನಿಲ್ಲಿಸಿದರು, ಮತ್ತೆ ತಿರುಗಿಸಿದರು, ಮತ್ತೆ ಬಂತು. ಅಕ್ಕಿ ತೊಳೆದು ಅನ್ನಕ್ಕಿಟ್ಟು, ಬೇಳೆ ಸಾರಿಗೆ ಒಗ್ಗರಣೆ ಹಾಕಿದರು. ಕುರಿಗಳು ಮೇಯುವ ಬಯಲಿನ ಮೇಲೆಲ್ಲ ಇಂಗಿನ ಘಮ ಹರಡಿತು.

“ನೀರು, ಒಲೆ ಎಲ್ಲಾ ನಮ್ಮ ಹಿಂದೇನೇ ಬರತ್ತಲ್ಲ, ಚೆನ್ನಾಗಿದೆ” ಎಂದು ಅತ್ತೆ ನಕ್ಕರು. ಹೆಂಡತಿ ನನ್ನ ತೋಳು ಚಿವುಟಿ, “ಅಮ್ಮ ನಗ್ತಿದಾರೆ ನೋಡಿದ್ರಾ?” ಎಂದು ಪಿಸುಗುಟ್ಟಿದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಾನು ಮೀಸೆ ತಿರುವಿದೆ. ಅಲ್ಲಿಂದ ನೇರವಾಗಿ ಮೆಲ್ಬರ್ನ್ ದಾರಿ ಹಿಡಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗೆದ್ದವನಿಗೆ ಇನ್ನಷ್ಟು ಗೆಲ್ಲುವ ಚಪಲ. ಮಾವನವರ ಜೊತೆ ಹಿಮಾಲಯಕ್ಕೆ ಹೋಗಬೇಕೆಂದಿದ್ದು ಆಗಲೇ ಇಲ್ಲ ಎಂದು ಅತ್ತೆ ಯಾವಾಗಲೋ ಅಂದಿದ್ದರು. “ನಾನು ತೋರಿಸ್ತೀನಿ ಬನ್ನಿ” ಎಂದು ಹಿಮಬೆಟ್ಟಗಳ ಕಡೆಗೆ ವ್ಯಾನು ತಿರುಗಿಸಿದೆ.

ಜಿಂಡಬೈನ್ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಜುಲೈ ಎಂದರೆ ಈ ದೇಶದಲ್ಲಿ ನಡು ಚಳಿಗಾಲ, ಬಾಯಿ ಬಿಟ್ಟರೆ ಹೊಗೆ. ಇಂಥ ವ್ಯಾನುಗಳು ರಾತ್ರಿ ತಂಗುವ ಕ್ಯಾರವಾನ್ ಪಾರ್ಕಿನ ಯಜಮಾನ, ಉಣ್ಣೆಯ ಟೋಪಿಯ ಕೆಳಗೆ ಕೆಂಪು ಕಿವಿಗಳ ಮನುಷ್ಯ, ಜಾಗ ತೋರಿಸಿ ಹೇಳಿದ: ಇವತ್ತು ರಾತ್ರಿ ನೀರು ಕಲ್ಲಾಗುವಂಥ ಚಳಿ ಬೀಳುತ್ತದೆ. ಟ್ಯಾಂಕನ್ನೂ ಪೈಪುಗಳನ್ನೂ ಖಾಲಿ ಮಾಡಿಯೇ ಮಲಗಿ. ಕೊಳೆನೀರು ಬಿಡುವ ಗುಂಡಿ ಅಗೋ, ಆ ಟಾಯ್ಲೆಟ್ ಕಟ್ಟಡದ ಹಿಂದೆ. ನಾಳೆ ಎಷ್ಟು ಬೇಕಾದರೂ ಹೊಸ ನೀರು ತುಂಬಿಕೊಳ್ಳಬಹುದು.

ನಾನು ಆ ಕಟ್ಟಡವನ್ನು ನೋಡಿದೆ. ಅದರ ಹಿಂದಿನ ಗುಂಡಿಯನ್ನು ನೋಡಿದೆ. ಗಂಗೆಯನ್ನು ಅಲ್ಲಿ ಬಿಡುವುದೇ? ಅತ್ತೆ ಸಾಯುವ ಕಾಲಕ್ಕೆಂದು ಇಟ್ಟುಕೊಂಡಿದ್ದನ್ನು ಕಂಡವರ ಪಾಯಿಖಾನೆಯ ಹಿಂದೆ ಸುರಿಯುವುದೇ? ಅದನ್ನು ಅವರು ಕಿಟಕಿಯಿಂದ ನೋಡಿದರೆ ನನ್ನ ಗತಿಯೇನು? ಇದನ್ನೆಲ್ಲ ಕೆಂಪು ಕಿವಿಯವನಿಗೆ ವಿವರಿಸುವಷ್ಟು ಇಂಗ್ಲಿಷು ನನ್ನಲ್ಲಿರಲಿಲ್ಲ. ಯಾರಲ್ಲೂ ಇರಲಾರದು. ಈ ದೇಶಕ್ಕೆ ಬಂದು ಕಲಿತ ಅತ್ಯಂತ ಉಪಯುಕ್ತವಾದ ಮಾತನ್ನೇ ಆಡಿದೆ: “ನೋ ವರೀಸ್, ಮೇಟ್.”

“ಏನಂತೆ?” ಎಂದಳು ಹೆಂಡತಿ.

“ಟ್ಯಾಂಕ್ ಖಾಲಿ ಮಾಡಿ ಅಂತಾನೆ. ಅವನಿಗೇನು ಗೊತ್ತು? ಅಷ್ಟು ನೀರು ಒಟ್ಟಿಗೇ ಇದ್ರೆ ಬೇಗ ತಣ್ಣಗಾಗಲ್ಲ. ಅದೂ ವ್ಯಾನಿನ ಒಳಗಿದೆ. ನಾವು ಮೂರು ಜನ ಉಸಿರಾಡ್ತಿರ್ತೀವಿ. ಒಂದು ರಾತ್ರಿಗೆ ಹೆಪ್ಪುಗಟ್ಟೋ ಚಾನ್ಸೇ ಇಲ್ಲ.”

“ಗ್ಯಾರಂಟೀನಾ?”

“ಫಿಸಿಕ್ಸ್ ಕಣೇ!” ಅಂದೆ.

ಟ್ಯಾಂಕಿನ ವಿಷಯದಲ್ಲಿ ನಾನು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಬೆಳಗ್ಗೆ ಟ್ಯಾಂಕಿನ ನೀರು ನೀರಾಗಿಯೇ ಇತ್ತು. ಟ್ಯಾಂಕಿನಿಂದ ಸಿಂಕಿಗೆ ಹೋಗುವ ತಾಮ್ರದ ಪೈಪು ಮಾತ್ರ ವ್ಯಾನಿನ ಹೊಟ್ಟೆಯ ಕೆಳಗೆ, ಬಟಾಬಯಲಿನಲ್ಲಿ, ಗಾಳಿಗೆ ಮೈಯೊಡ್ಡಿಕೊಂಡು ಹೋಗುತ್ತಿತ್ತು. ಅದು ನನ್ನ ಪಾಠದಲ್ಲಿ ಬಂದಿರಲಿಲ್ಲ. ಪುಸ್ತಕದ ಬದನೆಕಾಯಿ ಎನ್ನುವುದು ಇದಕ್ಕೇ.

ಬೆಳಗ್ಗೆ ಎದ್ದರೆ ಕಿಟಕಿಯ ಗಾಜೆಲ್ಲ ಬೆಳ್ಳಗೆ. ಹೊರಗೆ ಕಾರುಗಳ ಮೇಲೆ, ನಮ್ಮ ವ್ಯಾನಿನ ತಲೆಯ ಮೇಲೆ ತೆಳ್ಳಗೆ ಹಿಮ ಬಿದ್ದಿತ್ತು. ಅತ್ತೆ ಆಗಲೇ ಎದ್ದು, ಮೂರು ಶಾಲು ಹೊದ್ದು, ಸ್ನಾನಕ್ಕೆ ನೀರು ಕಾಯಿಸಲು ಪಾತ್ರೆ ಹಿಡಿದು ಸಿಂಕಿನ ಮುಂದೆ ನಿಂತಿದ್ದರು. ಸ್ನಾನವಾಗದೆ ಅಡಿಗೆಗೆ ಕೈ ಹಾಕುವವರಲ್ಲ. ನಲ್ಲಿ ತಿರುಗಿಸಿದರು. ಪಂಪು ಗೊರ್ ಗೊರ್ ಎಂದು ಗೊರಕೆ ಹೊಡೆಯಿತು. ನೀರು ಬರಲಿಲ್ಲ.

“ಅಳಿಯಂದ್ರೇ, ನಿಮ್ಮ ಗಂಗೆ ಬರ್ತಿಲ್ಲ.”

ನಿನ್ನೆಯವರೆಗೂ ಅದು ಅವರ ಗಂಗೆಯಾಗಿತ್ತು. ನಾನು ನಲ್ಲಿಯನ್ನು ಬಲಕ್ಕೆ ತಿರುಗಿಸಿದೆ, ಎಡಕ್ಕೆ ತಿರುಗಿಸಿದೆ, ಪಂಪಿನ ತಲೆಗೆ ಮೊಟಕಿದೆ. ಕೊನೆಗೆ ಬಿಂದಿಗೆ ಹಿಡಿದುಕೊಂಡು ಪಾರ್ಕಿನ ನಲ್ಲಿಗೆ ಓಡಿದೆ. ಅಲ್ಲಿ ಕೆಂಪು ಕಿವಿಯ ಯಜಮಾನ ಕೈಯಲ್ಲಿ ಬಿಸಿನೀರಿನ ಕೆಟಲ್ ಹಿಡಿದು ತನ್ನದೇ ನಲ್ಲಿಗೆ ಅಭಿಷೇಕ ಮಾಡುತ್ತಿದ್ದ. ಎಲ್ಲರಿಗೂ ಬುದ್ಧಿ ಹೇಳಿ, ತನ್ನ ಪೈಪುಗಳ ನೀರು ಬಿಡುವುದನ್ನು ಮರೆತು ಮಲಗಿದ್ದನಂತೆ. ಒಬ್ಬರ ಮುಖ ಒಬ್ಬರು ನೋಡಲಾಗದೆ ನಾವಿಬ್ಬರೂ ಬೆಟ್ಟಗಳನ್ನು ನೋಡಿದೆವು. ಇನ್ನೆರಡು ಗಂಟೆಯಾದರೂ ಬೇಕು ಅಂದ.

ಖಾಲಿ ಬಿಂದಿಗೆಯ ಜೊತೆ ವಾಪಸು ಬಂದೆ. ಹೆಂಡತಿ ಹಾಸಿಗೆಯ ಮೇಲೆ ಕೂತು ಬಿಸ್ಕತ್ತಿನ ಕೊನೆಯ ಚೂರುಗಳನ್ನು ಕಾಗದದಿಂದ ಬಾಯಿಗೆ ಉದುರಿಸಿಕೊಳ್ಳುತ್ತಿದ್ದಳು. ಮುಖ ಬಿಳಚಿಕೊಂಡಿತ್ತು. “ತಲೆ ಸುತ್ತುತ್ತೆ ಕಣ್ರೀ, ಬಿಸಿಯಾಗಿ ಏನಾದ್ರೂ ಬೇಕು” ಎಂದಳು. ಅತ್ತೆ ಮಗಳನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಮಗಳನ್ನೇ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಮಾನಸ ಸ್ನಾನ ಅಂತ ಒಂದಿದೆ, ಅದಾಯ್ತು” ಅಂದರು. “ಬಸುರಿ ಹಸಿದು ಕೂರಬಾರ್ದು. ಆ ದೊಡ್ಡ ಪಾತ್ರೆ ತಗೊಂಡು ಹೋಗಿ, ವ್ಯಾನಿನ ಮೇಲಿರೋದನ್ನ ತುಂಬ್ಕೊಂಡು ಬನ್ನಿ.”

“ಹಿಮಾನಾ?”

“ಹೂಂ. ಆಕಾಶದಿಂದ ಈಗ ತಾನೇ ಬಿದ್ದಿದೆ. ಯಾರೂ ಮುಟ್ಟಿಲ್ಲ. ಅದಕ್ಕೆ ಯಾವ ಮೈಲಿಗೆ?”

ನಾನು ಬಂಪರಿನ ಮೇಲೆ ಹತ್ತಿ ಸೌಟಿನಿಂದ ಹಿಮ ಬಾಚಿದೆ. ಪಾತ್ರೆ ಭರ್ತಿಯಾಯಿತು. ಒಲೆಯ ಮೇಲಿಟ್ಟರೆ ಕರಗಿ ಒಂದು ಬೊಗಸೆ ನೀರಾಯಿತು. ಮತ್ತೆ ಹೋದೆ. ಮತ್ತೆ ಬೊಗಸೆ. ಹಿಮದ ತುಂಬ ಗಾಳಿಯೇ ಇರುತ್ತದೆ ಎಂಬುದೂ ನಾನು ಮಾಡುತ್ತಿದ್ದ ಪಾಠವೇ. ನಾಲ್ಕಾರು ಸಲ ಹತ್ತಿ ಇಳಿಯುವಷ್ಟರಲ್ಲಿ ನನ್ನ ಕೈಬೆರಳು ನನ್ನವಾಗಿ ಉಳಿದಿರಲಿಲ್ಲ. ಪಕ್ಕದ ಕ್ಯಾರವಾನಿನ ಮುದುಕಿ ಕಾಫಿ ಕಪ್ಪು ಹಿಡಿದು ಬಾಗಿಲಲ್ಲಿ ನಿಂತು ಈ ದೃಶ್ಯವನ್ನು ಸಂತೋಷವಾಗಿ ನೋಡುತ್ತಿದ್ದಳು. ಆದರೂ ಉಪ್ಪಿಟ್ಟಿಗೆ ಎಸರು ಕುದಿಯಿತು, ರವೆ ಬಿತ್ತು, ಹೆಂಡತಿಯ ಮುಖಕ್ಕೆ ಬಣ್ಣ ಬಂತು. ಕಂಟಕ ಕಳೆಯಿತು ಎಂದು ನಾನೂ ತಟ್ಟೆ ಹಿಡಿದು ಕುಳಿತೆ.

ಅಷ್ಟರಲ್ಲಿ ಬಿಸಿಲು ವ್ಯಾನಿನ ಮಗ್ಗುಲಿಗೆ ಬಿತ್ತು. ಬೆಳಗಿನ ಗಡಿಬಿಡಿಯಲ್ಲಿ ಪಂಪಿನ ಸ್ವಿಚ್ಚನ್ನು ನಾನು ಆರಿಸಿರಲಿಲ್ಲ. ಅದು ಅಲ್ಲಿಯವರೆಗೂ ಬೆಂಚಿನ ಕೆಳಗೆ ಕೂತು ಗೊಣಗುತ್ತಲೇ ಇತ್ತು. ಇದ್ದಕ್ಕಿದ್ದಂತೆ ಅದರ ಸ್ವರ ಬದಲಾಯಿತು. ಸಿಂಕಿನ ಕೆಳಗೆ ಬುಳುಬುಳು ಎಂದಿತು.

“ಬಂತು! ನೀರು ಬಂತು!” ಎಂದು ನಾನು ಚಪ್ಪಾಳೆ ತಟ್ಟಿದೆ. ನಿಜವಾಗಿಯೂ ತಟ್ಟಿದೆ. ಹೆಂಡತಿ ಇವತ್ತಿಗೂ ನೆಂಟರ ಮುಂದೆ ಅದನ್ನು ಅಭಿನಯಿಸಿ ತೋರಿಸುತ್ತಾಳೆ.

ನೀರು ಬಂತು, ನಲ್ಲಿಯಲ್ಲಲ್ಲ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತಾನಾಗಿ ತೆರೆದುಕೊಂಡು, ಒಳಗಿನಿಂದ ಒಂದು ಧಾರೆ ನೇರವಾಗಿ ನನ್ನ ಉಪ್ಪಿಟ್ಟಿನ ತಟ್ಟೆಗೆ ಬಡಿಯಿತು. ಬೇಳೆ ಡಬ್ಬ ಉರುಳಿತು. ಅಕ್ಕಿ ಚೀಲ ನೆನೆಯಿತು. ಪೈಪು ನಲ್ಲಿಗೆ ಸೇರುವಲ್ಲಿ ಕೀಲು ಬಿಟ್ಟುಕೊಂಡಿತ್ತು. ನಾನು ಬೆರಳಿಟ್ಟು ಮುಚ್ಚಲು ಹೋದೆ. ಒಂದೇ ಧಾರೆಯಾಗಿದ್ದದ್ದು ಬೆರಳ ಸಂದಿಯಿಂದ ನಾಲ್ಕಾಗಿ ಸೂರಿಗೂ ಹಾಸಿಗೆಗೂ ಚಿಮ್ಮಿತು.

“ಗಂಗೆ ಹೋಗ್ತಿದಾಳೆ! ಪಾತ್ರೆ ಹಿಡೀರಿ, ಪಾತ್ರೆ!” ಎಂದು ಅತ್ತೆ ಕೂಗಿದರು. ಅವರೇ ಬಾಣಲೆ ಹಿಡಿದರು, ನನ್ನ ಕೈಗೆ ಅನ್ನ ಬಸಿಯುವ ಚಿಬ್ಬಲು ಕೊಟ್ಟರು. ಅದರಿಂದ ಕೆಳಗೆ ಸೋರುವುದು ಕಂಡು ಕಿತ್ತುಕೊಂಡು ಸಾರಿನ ಪಾತ್ರೆ ಕೊಟ್ಟರು. ಹೊರಗೂ ಜುಳುಜುಳು ಎಂಬ ಶಬ್ದ. ಅದೇನೆಂದು ನೋಡಲು ನಾನು ಹಾರಿ ವ್ಯಾನಿನ ಕೆಳಗೆ ತಲೆ ಹಾಕಿದೆ. ತಾಮ್ರದ ಪೈಪು ಸುಲಿದ ಅವರೆಕಾಯಿಯ ಹಾಗೆ ಉದ್ದಕ್ಕೆ ಬಾಯಿ ಬಿಟ್ಟಿತ್ತು. ನಾನು ಸರಿಯಾಗಿ ಅದರ ಕೆಳಗೆ ಮುಖ ಒಡ್ಡಿದ್ದೆ. ಆ ಚಳಿಯಲ್ಲಿ ನನಗಾದ ಗಂಗಾಸ್ನಾನದ ಪುಣ್ಯ ಏಳು ಜನ್ಮಕ್ಕೆ ಸಾಕು. ಸ್ವಿಚ್ ಆರಿಸಿದರೆ ಪಂಪು ನಿಲ್ಲುತ್ತದೆ ಎಂದು ಹೊಳೆದದ್ದು, ಹಾಸಿಗೆಯ ಮೇಲೆ ಕಾಲು ಮೇಲೆತ್ತಿಕೊಂಡು ಕುಳಿತಿದ್ದ ಹೆಂಡತಿಗೆ. ಕೈ ಚಾಚಿ ಟಕ್ ಎಂದು ಆರಿಸಿದಳು. ಟ್ಯಾಂಕು ಬಹುಪಾಲು ಖಾಲಿಯಾಗಿತ್ತು. ಬಾಗಿಲ ಮೆಟ್ಟಿಲಿನಿಂದ ಗಂಗೆ ಇಳಿದು, ಪಾರ್ಕಿನ ಹುಲ್ಲಿನ ಮೇಲೆ ಹರಿದು, ಕೊನೆಗೆ ಆ ಟಾಯ್ಲೆಟ್ಟಿನ ದಿಕ್ಕಿಗೇ ಹೋಗುತ್ತಿದ್ದಳು.

ಅತ್ತೆ ಮೆಟ್ಟಿಲ ಮೇಲೆ ನಿಂತು ಅದನ್ನು ನೋಡಿದರು.

“ನೆನ್ನೆ ಸಂಜೆ ಆತ ಏನೋ ಹೇಳ್ತಿದ್ನಲ್ಲ. ಏನಂದ?”

ಹೇಳದೆ ವಿಧಿಯಿರಲಿಲ್ಲ. “ಟ್ಯಾಂಕ್ ಖಾಲಿ ಮಾಡಿ, ಇಲ್ದಿದ್ರೆ ಪೈಪ್ ಒಡೆಯತ್ತೆ ಅಂದ. ಗುಂಡಿ ಟಾಯ್ಲೆಟ್ ಹಿಂದಿತ್ತು. ಗಂಗೆನ ಅಲ್ಲಿ ಬಿಡೋಕೆ ಮನಸ್ಸು ಬರ್ಲಿಲ್ಲ, ಅತ್ತೆ.”

“ಅಲ್ಯಾಕೆ ಬಿಡ್ಬೇಕು?” ಎಂದು ವ್ಯಾನಿನ ಪಕ್ಕದಲ್ಲೇ ಇದ್ದ ನೀಲಗಿರಿ ಮರ ತೋರಿಸಿದರು. “ತೀರ್ಥ ಮಿಕ್ಕಿದ್ರೆ ಗಿಡದ ಬುಡಕ್ಕೆ ತಾನೇ ಹಾಕೋದು? ಒಂದೆರಡು ಪಾತ್ರೇಲಿ ಹಿಡಿದಿಟ್ಕೊಂಡು ಮಿಕ್ಕಿದ್ದು ಆ ಮರಕ್ಕೆ ಬಿಟ್ಟಿದ್ರೆ ಆಗ್ತಿತ್ತು. ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತೇ?”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಒಳಗೆ ಕೂತಿದ್ದವರನ್ನು ಕೇಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಅವರ ಮನಸ್ಸು ಗೆಲ್ಲುವ ಗಲಾಟೆಯಲ್ಲಿ ಅವರ ಜೊತೆ ಮಾತಾಡುವುದನ್ನೇ ಬಿಟ್ಟಿದ್ದೆ. ಅವರು ಬೈದಿದ್ದರೆ ವಾಸಿಯಿತ್ತು, ಬೈಯಲಿಲ್ಲ. ಒದ್ದೆಯಾದ ಅಕ್ಕಿಯನ್ನು ಬಟ್ಟೆಯ ಮೇಲೆ ಹರವತೊಡಗಿದರು. 

ಆಮೇಲಿನ ರಿಪೇರಿಯನ್ನು ರಿಪೇರಿ ಎಂದು ಕರೆಯುವುದು ಆ ಪದಕ್ಕೆ ಅವಮಾನ. ಪಂಚೆಯ ಅಂಚು ಹರಿದು ಪೈಪಿಗೆ ಸುತ್ತಿದೆ, ಅದರ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ದಾರ. ಮದುವೆಯಲ್ಲಿ ನನ್ನ ಕಾಲು ತೊಳೆದಿದ್ದ ಅತ್ತೆ ವ್ಯಾನಿನ ಪಕ್ಕ ಮಂಡಿಯೂರಿ, ಕೆಳಗೆ ಮಲಗಿದ ಅಳಿಯನಿಗೆ ಟಾರ್ಚು ಹಿಡಿದರು. ಮುಂದೆ ದಾರಿಯಲ್ಲಿ ಕೂಮಾ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ರಬ್ಬರ್ ಪೈಪೂ ಬಿಗಿಯುವ ಕ್ಲಿಪ್ಪುಗಳೂ ಸಿಕ್ಕವು. ಒಡೆದ ಭಾಗ ಕತ್ತರಿಸಿ ತೆಗೆದು, ರಬ್ಬರ್ ಪೈಪು ತೂರಿಸಿ ಬಿಗಿದೆ. ಟ್ಯಾಂಕಿಗೆ ಹೊಸ ನೀರು ತುಂಬಿದಾಗ ಅತ್ತೆ, ಪಾತ್ರೆಗಳಲ್ಲಿ ಹಿಡಿದಿಟ್ಟಿದ್ದ ಅಷ್ಟಿಷ್ಟು ಗಂಗೆಯನ್ನು ಅದಕ್ಕೇ ಸುರಿದರು. ಪೈಪೇನೋ ನಿಂತಿತು, ಆದರೆ ಸಿಂಕಿನ ಕೆಳಗಿನ ಕೀಲು ಬಗ್ಗಲಿಲ್ಲ. ನಲ್ಲಿ ತಿರುಗಿಸಿದರೆ ಅರ್ಧ ನೀರು ಸಿಂಕಿಗೆ, ಇನ್ನರ್ಧ ಪಕ್ಕದಲ್ಲಿ ನಿಂತವನ ಪ್ಯಾಂಟಿಗೆ. ಪ್ರತಿ ಸಲವೂ ನಿಂತವನು ನಾನೇ.

ಬೊಂಬಾಲಾ ದಾಟಿ, ಕಾಡು ದಾಟಿ, ಸಮುದ್ರದ ಕಡೆಯ ರಸ್ತೆಗೆ ಇಳಿಯುವವರೆಗೂ ಅತ್ತೆ ಹೆಚ್ಚು ಮಾತಾಡಲಿಲ್ಲ. ಹೆಂಡತಿಯೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಎಲ್ಲ ಕೆಟ್ಟಿತು ಎಂದು ನನಗೆ ಖಾತ್ರಿಯಾಯಿತು. ಇದ್ದ ಒಂದು ಗಿಂಡಿ ಗಂಗೆಯನ್ನೂ ಕಳೆದ ಅಳಿಯನ ಮನೆಯಲ್ಲಿ ಯಾವ ಅತ್ತೆ ಉಳಿಯುತ್ತಾರೆ? ಆ ಹೊತ್ತಿನಲ್ಲಿ ನನಗೆ ನಿಜವಾಗಿಯೂ ದುಃಖವಾಗಿತ್ತು. ಮಾವನವರ ಕೈಯ ವಸ್ತು ಅದು, ಮತ್ತೆ ತರುವಂಥದ್ದಲ್ಲ. ನಡುನಡುವೆ ಅತ್ತೆ ಹಿಂದಿನ ಸೀಟಿನಿಂದ ಏನೇನೋ ಕೇಳುತ್ತಿದ್ದರು. ಹೊತ್ತು ಕಳೆಯಲು ಕೇಳುತ್ತಿದ್ದಾರೆ ಎಂದುಕೊಂಡೆ.

“ಆಸ್ಪತ್ರೆಯಿಂದ ಎಷ್ಟು ದಿನಕ್ಕೆ ಮನೆಗೆ ಕಳಿಸ್ತಾರೆ?”

“ಮೂರು ನಾಲ್ಕು ದಿನಕ್ಕೆ, ಅತ್ತೆ. ಇಲ್ಲಿ ಎಲ್ಲಾ ಬೇಗ.”

“ಆಮೇಲೆ ಇವಳಿಗೆ ಅಡಿಗೆ?”

“ನಾನೇ ಮಾಡ್ತೀನಿ. ಒಂದೇ ಸಲ ಹುಳಿ ಮಾಡಿ ವಾರಕ್ಕಾಗೋಷ್ಟು ಫ್ರೀಜರಲ್ಲಿ ಇಟ್ಬಿಡೋದು.”

ಅತ್ತೆ ಸೀಟಿನ ಅಂಚಿಗೆ ಜರುಗಿದರು.

“ಮಗೂಗೆ ನೀರು ಹಾಕೋದು ಯಾರು?”

“ನಾನೇ! ಕಷ್ಟ ಏನಿದೆ? ಥರ್ಮಾಮೀಟರ್ ಇಟ್ಟು, ಟೆಂಪರೇಚರ್ ನೋಡಿ, ಮಗೂನ ಟಬ್ಬಲ್ಲಿ ಇಳಿಸೋದು.”

ಕನ್ನಡಿಯಲ್ಲಿ ನೋಡಿದೆ. ಅತ್ತೆ ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು. ವಿಷ್ಣುಸ್ಮರಣೆ ಇರಬೇಕು. ನಾವೂ ಹೇಗಾದರೂ ನಿಭಾಯಿಸುತ್ತೇವೆ, ನೀವು ನೆಮ್ಮದಿಯಾಗಿ ಹೋಗಿಬನ್ನಿ ಎಂಬ ಧೈರ್ಯವನ್ನಾದರೂ ಕೊಟ್ಟೆನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ಮಧ್ಯಾಹ್ನ ವೆರಿಬೀ ಮುಟ್ಟಿದೆವು. ಭಾವ, ಅಂದರೆ ಹೆಂಡತಿಯ ಅಣ್ಣ, ಹೊಸದಾಗಿ ಕಟ್ಟಿಸಿದ್ದ ಮನೆ. ಅತ್ತೆ ಸೀದಾ ಸ್ನಾನಕ್ಕೆ ಹೋದರು. ಬಂದು ಮಗನ ಅಡಿಗೆಮನೆಯಲ್ಲಿ ನಿಂತು ಸಾರು ಕುದಿಸತೊಡಗಿದರು. ಹೆಂಡತಿ ಊಟದ ಮೇಜಿನ ಮುಂದೆ ಕುಳಿತು ಉಗುರು ನೋಡಿಕೊಳ್ಳುತ್ತಿದ್ದಳು. ಅತ್ತೆಯ ಸೂಟ್‌ಕೇಸು ಹೊತ್ತುಕೊಂಡು ನಾನು ಒಳಗೆ ಬಂದಾಗ ಭಾವ ಆ ಮಾತು ತೆಗೆದಿದ್ದರು.

“ಅಮ್ಮ, ಅವರು ಬೆಳಗ್ಗೆ ಫೋನ್ ಮಾಡಿದ್ರು. ನಿನ್ನ ಟಿಕೆಟ್ ಇವತ್ತೇ ಕನ್ಫರ್ಮ್ ಮಾಡ್ಬೇಕಂತೆ. ಮಾಡ್ಲಾ?”

“ಬೇಡ ಅಂತ ಹೇಳು” ಅಂದರು ಅತ್ತೆ, ಸೌಟು ಆಡಿಸುತ್ತಾ.

“ಯಾಕಮ್ಮ? ಸಿಡ್ನಿ ಹಿಡಿಸಲಿಲ್ಲ ಅಂದಿದ್ದೆ?”

“ಈಗ್ಲೂ ಹಿಡಿಸಿಲ್ಲ.” ಅವರು ತಿರುಗಿ ಸೌಟಿನಿಂದ ನನ್ನನ್ನು ತೋರಿಸಿದರು. ನಾನು ಮಂಡಿಯವರೆಗೂ ಒದ್ದೆಯಾದ ಪ್ಯಾಂಟಿನಲ್ಲಿ ಸೂಟ್‌ಕೇಸು ಹಿಡಿದು ನಿಂತಿದ್ದೆ. “ಇವರನ್ನ ನೋಡು. ನೀರು ಚಳಿಗೆ ಗಟ್ಟಿಯಾಗತ್ತೆ ಅಂತ ಗೊತ್ತಿಲ್ಲ. ಬಾಣಂತಿಗೆ ವಾರದ ತಂಗಳು ಹಾಕ್ತಾರಂತೆ. ಹಸುಗೂಸಿಗೆ ಥರ್ಮಾಮೀಟರ್ ಇಟ್ಟು ನೀರು ಹಾಕ್ತಾರಂತೆ. ಇವರ ಕೈಗೆ ನನ್ನ ಮಗಳನ್ನೂ ಮಗೂನೂ ಬಿಟ್ಟು ಊರಿಗೆ ಹೋದ್ರೆ ನಂಗೆ ನಿದ್ದೆ ಬರತ್ತಾ?”

ಹೆಂಡತಿ ಎದ್ದು ಹೋಗಿ ಅಮ್ಮನ ಹೆಗಲಿಗೆ ಮುಖ ಒತ್ತಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು. ಅತ್ತೆ ಒಂದು ಕೈಯಲ್ಲಿ ಸಾರು ಕಲಕುತ್ತಲೇ ಇನ್ನೊಂದರಲ್ಲಿ ಅವಳ ತಲೆ ಸವರಿದರು. ಭಾವನಿಗೆ ನನ್ನ ಬಗ್ಗೆ ಕನಿಕರ ಹುಟ್ಟಿತು. ಒಳ್ಳೆಯ ಮನುಷ್ಯ, ನನ್ನ ಮರ್ಯಾದೆ ಕಾಪಾಡಲು ಮುಂದಾದರು.

“ಹಾಗೆಲ್ಲ ಅನ್ಬಾರ್ದಮ್ಮ. ಅವರು ಅಷ್ಟು ಓದಿದೋರು. ಎಲ್ಲಾ ನಿಭಾಯಿಸ್ತಾರೆ, ನೀನೇನೂ ಯೋಚ್ನೆ ಮಾಡ್ಬೇಡ, ಹೋಗ್ಬೇಕು ಅಂತಿದ್ರೆ...”

ನಾನು ಸೂಟ್‌ಕೇಸನ್ನು ಧೊಪ್ಪೆಂದು ಕೆಳಗಿಟ್ಟೆ.

“ಇಲ್ಲ ಭಾವ, ನೀವು ಸುಮ್ನಿರಿ” ಎಂದೆ. “ಅತ್ತೆ ಹೇಳ್ತಿರೋದೇ ಸರಿ. ನಂಗೆ ಏನೂ ಬರಲ್ಲ.”